ಒಂದೇ ಸಲ ಕೇಳುವ ಊರು

ಅರ್ಧ ಹೆಣೆದ ಜಡೆಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಬಲಗೈಯನ್ನು ತಟ್ಟೆಯ ಮೇಲೆ ಅಡ್ಡ ಚಾಚಿ, "ಸಾಕ್ರಿ ಅಕ್ಕಾರ, ಖರೇನ ಸಾಕ್ರಿ" ಎಂದೆ. ಸೆವ್ರಿನಕ್ಕ ಕಾವಲಿಯಿಂದ ಎತ್ತಿದ ನೀರುದೋಸೆಯನ್ನು ನನ್ನ ಕೈಯ ಮೇಲೆಯೇ ಹಾಕಿಬಿಟ್ಟರು. ತೆಳ್ಳಗಿನ ಬಿಸಿ ದೋಸೆ ಒದ್ದೆ ಕರವಸ್ತ್ರದ ಹಾಗೆ ಬೆರಳುಗಳಿಗೆ ಅಂಟಿಕೊಂಡಿತು.

"ಸುಡ್ತದಾ? ಹಾಗಾದ್ರೆ ಕೈ ತೆಗಿ."

"ಹೊಟ್ಟಿ ತುಂಬೇತ್ರಿ."

"ನಿನ್ನ ಹೊಟ್ಟೆ ನನಗೆ ಗೊತ್ತುಂಟು. ಸುಳ್ಳು ಹೇಳುದು ಬಾಯಿ. ತಿನ್ನು, ತಿಂದು ಆಮೇಲೆ ಜಡೆ ಹಾಕು. ಆ ಐಸಿನ ಗುಹೆಯಲ್ಲಿ ನಿನಗೆ ಯಾರು ದೋಸೆ ಹೊಯ್ದು ಕೊಡ್ತಾರೆ?"

ನಾನು ನಗುತ್ತ ತಿಂದೆ. ಅದರ ಮೇಲೆ ಬಿದ್ದ ಇನ್ನೊಂದನ್ನೂ ತಿಂದೆ. ನಿಜಕ್ಕೂ ಹಸಿವು ಇತ್ತು. ಇದೆಯೆಂದು ಅವರಿಗೆ ಗೊತ್ತಿತ್ತು, ಅವರಿಗೆ ಗೊತ್ತಿದೆಯೆಂದು ನನಗೂ ಗೊತ್ತಿತ್ತು. ನಮ್ಮ ಕಡೆ ಊಟವೆಂದರೆ ಹೀಗೆಯೇ. ಬಡಿಸುವವರು ಕೇಳುತ್ತಾರೆ, ಉಣ್ಣುವವರು ಬೇಡವೆನ್ನುತ್ತಾರೆ. ಮತ್ತೆ ಕೇಳುತ್ತಾರೆ, ಕೈ ಅಡ್ಡ ಬರುತ್ತದೆ. ಮೂರನೆಯ ಸಲ 'ನನ್ನಾಣಿ ಐತಿ ನೋಡ್ರಿ' ಎಂದ ಮೇಲೆ ಆ ಕೈ ಒಲ್ಲದ ಮನಸ್ಸಿನಿಂದಲೋ ಎಂಬಂತೆ ಅಷ್ಟಿಷ್ಟು ಸರಿಯುತ್ತದೆ. ಇದಕ್ಕೆ ನಾವು ಒತ್ತಾಯ ಎನ್ನುತ್ತೇವೆ. ಒತ್ತಾಯವಿಲ್ಲದ ಊಟವನ್ನು ಖಾನಾವಳಿಯ ಊಟವೆಂದು ಆಡಿಕೊಳ್ಳುತ್ತಾರೆ. ಇನ್ನು ಮೊದಲ ಸಲಕ್ಕೇ 'ಹಾಕ್ರಿ' ಎಂದು ತಟ್ಟೆ ಮುಂದೆ ಮಾಡುವವರನ್ನು ಏನೆಂದು ಆಡಿಕೊಳ್ಳುತ್ತಾರೋ ಅದನ್ನು ಇಲ್ಲಿ ಬರೆಯುವುದು ಬೇಡ.

ಸೆವ್ರಿನಕ್ಕನ ಮನೆ ಇದ್ದದ್ದು ಪರದೇಶದ ಒಂದು ಬಂದರಿನ ಊರಿನಲ್ಲಿ. ಚಳಿಯ ಊರು. ಬೀದಿಗಳಲ್ಲಿ ಮೀನಿನ ವಾಸನೆ, ಆಕಾಶದಲ್ಲಿ ಸದಾ ಕಡಲಹಕ್ಕಿಗಳ ಜಗಳ. ನಾನು ಉತ್ತರದ ಬಯಲುಸೀಮೆಯವಳು, ಅಕ್ಕ ಕರಾವಳಿಯವರು. ಚಿಕ್ಕ ವಯಸ್ಸಿನಲ್ಲಿ ಅಲ್ಲಿಯ ಆಸ್ಪತ್ರೆಗೆ ನರ್ಸಾಗಿ ಹೋಗಿ, ಅಲ್ಲಿಯ ಹಡಗಿನವನೊಬ್ಬನನ್ನು ಮದುವೆಯಾಗಿ, ಅವನು ತೀರಿಕೊಂಡ ಮೇಲೂ ಅಲ್ಲೇ ಉಳಿದವರು. ಮಹಡಿಯ ಮೇಲಿನ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟಿದ್ದರು. ನನ್ನ ಮಾತು ಅವರಿಗೆ ವಿಚಿತ್ರ, ಅವರ ಮಾತು ನನಗೆ ವಿಚಿತ್ರ. ಆದರೂ ಎರಡೂ ಕನ್ನಡವೇ ಎಂಬ ಸಂತೋಷ ಇಬ್ಬರಿಗೂ ಇತ್ತು.

ನಾನು ಆಗಷ್ಟೇ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದ್ದೆ. ತರಗತಿಯಲ್ಲಿ ಹುಡುಗಿಯೆಂದರೆ ನಾನೊಬ್ಬಳೇ. ನಮ್ಮೂರಿನ ಕಾರ್ಖಾನೆಗಳಿಗೆ ಹೋಗಿ ಕೇಳಿದಾಗ ಎಲ್ಲರೂ ಕುರ್ಚಿ ಹಾಕಿ, ಚಹಾ ತರಿಸಿ, ಬಲು ಮರ್ಯಾದೆಯಿಂದ ಮಾತಾಡಿಸಿದ್ದರು. "ಪಾಳಿ ಮೇಲೆ ಹೆಣ್ಣಮಕ್ಕಳನ್ನ ಹೆಂಗ ಹಚ್ಚೂದ್ರಿ? ನಾಳೆ ನಿಮ್ಮ ಮನಿಯವರು ನಮಗ ಬೈದ್ರ?" ಎಂದು ಒಬ್ಬರು ನಕ್ಕಿದ್ದರು. ಅಷ್ಟರಲ್ಲಿ ನಮ್ಮ ಕಾಲೇಜಿನ ಕಡೆಯಿಂದ ಈ ಊರಿನ ಐಸ್ ಫ್ಯಾಕ್ಟರಿಯಲ್ಲಿ ಕೆಲವು ತಿಂಗಳ ತರಬೇತಿಗೆ ಅವಕಾಶ ಬಂತು. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕಾಕಾ ಮಾತ್ರ, "ತರಬೇತಿ ಮುಗೀತಂದ್ರ ಬಂದಬಿಡಬೇಕು. ನಾ ಒಂದು ಗಂಡಿನ ಕಡೆ ಮಾತ ಕೊಟ್ಟೀನಿ" ಎಂದಿದ್ದರು. ತರಬೇತಿ ಮುಗಿಯುವುದರೊಳಗೆ ಕೆಲಸ ಸಿಕ್ಕರೆ ಅಲ್ಲಿರಬಹುದು. ಸಿಗದಿದ್ದರೆ ವೀಸಾ ಮುಗಿಯುತ್ತದೆ, ಹಿಂದಿರುಗಿ ಕಾಕಾ ಕೊಟ್ಟ ಮಾತನ್ನು ನಾನು ನಡೆಸಿಕೊಡಬೇಕು. ನನ್ನ ಮುಂದೆ ಇದ್ದದ್ದು ಇಷ್ಟೇ.

ಕೆಲಸ ನನಗೆ ಹಿಡಿಸಿತ್ತು. ಮೀನುದೋಣಿಗಳಿಗೆ ಬೇಕಾದ ಐಸನ್ನೆಲ್ಲ ಆ ಫ್ಯಾಕ್ಟರಿಯೇ ಮಾಡಿ ಕೊಡುತ್ತಿತ್ತು. ದೊಡ್ಡ ದೊಡ್ಡ ಕಂಪ್ರೆಸರುಗಳು, ಗೋಡೆಯುದ್ದಕ್ಕೂ ಅಮೋನಿಯಾದ ಕೊಳವೆಗಳು, ಅವುಗಳ ಮೇಲೆ ಹತ್ತಿಯಂತೆ ಬೆಳೆದ ಬಿಳಿ ಹಿಮ. ಮೀನು ಮುಟ್ಟದ ಮನೆಯಿಂದ ಬಂದವಳು ನಾನು. "ನೀನು ಮಾಡಿದ ಐಸಿನಲ್ಲಿ ಎಷ್ಟು ಬಂಗುಡೆ ಮಲಗಿದಾವೆ ಗೊತ್ತುಂಟಾ? ನಿನ್ನ ಅಜ್ಜಿಗೆ ಹೇಳ್ಬೇಡ" ಎಂದು ಸೆವ್ರಿನಕ್ಕ ಗೇಲಿ ಮಾಡುತ್ತಿದ್ದರು.

ಫ್ಯಾಕ್ಟರಿಯ ಮುಖ್ಯ ಇಂಜಿನಿಯರ್ ಬೆರ್ಗ್. ಕಸ ಗುಡಿಸುವವರಿಂದ ಹಿಡಿದು ಎಲ್ಲರೂ ಅವರನ್ನು ಬರೀ ಬೆರ್ಗ್ ಎಂದೇ ಕರೆಯುತ್ತಿದ್ದರು. ತಂದೆಯ ವಯಸ್ಸಿನವರನ್ನು ಹಾಗೆ ಕರೆಯಲು ನನ್ನ ನಾಲಿಗೆ ಹೊರಳುತ್ತಿರಲಿಲ್ಲ. ನಾನು 'ಸರ್' ಎಂದಾಗಲೆಲ್ಲ ಅವರು ತಿರುಗಿ, ತಮ್ಮ ಹಿಂದೆ ಯಾರು ಬಂದರೆಂದು ನೋಡುತ್ತಿದ್ದರು.

ತರಬೇತಿಯ ಕೊನೆಯ ದಿನಗಳಲ್ಲಿ ಒಂದು ಬೆಳಿಗ್ಗೆ ಅವರು ಕಂಪ್ರೆಸರ್ ಕೋಣೆಗೆ ಬಂದರು. ಗದ್ದಲದಲ್ಲಿ ಮಾತು ಕೇಳಿಸಲೆಂದು ನನ್ನ ಹತ್ತಿರ ಬಾಗಿ, "ಪಾಳಿಯ ಇಂಜಿನಿಯರ್ ಜಾಗವೊಂದು ಖಾಲಿಯಾಗುತ್ತಿದೆ. ನಿಮಗೆ ಬೇಕೆ?" ಎಂದು ಕೇಳಿದರು.

ನಾನು ತಲೆ ತಗ್ಗಿಸಿದೆ. ಹಿರಿಯರು ಒಂದು ದೊಡ್ಡ ಮಾತು ಕೇಳಿದಾಗ ಹೇಗೆ ಉತ್ತರ ಕೊಡಬೇಕೆಂದು ಚಿಕ್ಕಂದಿನಿಂದ ಕಲಿತಿದ್ದೆನೋ ಹಾಗೆಯೇ ಕೊಟ್ಟೆ. ಅವರು ಒಂದು ಗಳಿಗೆ ನನ್ನನ್ನು ನೋಡಿ, "ಸರಿ, ಅರ್ಥವಾಯಿತು. ನೇರವಾಗಿ ಹೇಳಿದ್ದು ಒಳ್ಳೆಯದಾಯಿತು" ಎಂದು ಕೈಕುಲುಕಿ ಹೊರಟರು.

ಅವತ್ತು ಸಂಜೆ ನಾನು ಓಡುತ್ತಲೇ ಮನೆಗೆ ಬಂದೆ. ಅಕ್ಕನ ಡಬ್ಬಿಯಿಂದ ರವೆ ತೆಗೆದು, ತುಪ್ಪ ಸುರಿದು, ಕೇಸರಿ ಇಲ್ಲದ್ದಕ್ಕೆ ಚಿಟಿಕೆ ಅರಿಶಿನ ಹಾಕಿ ಶಿರಾ ಮಾಡಿದೆ. "ಕೆಲಸ ಆದಂಗ ಆತ್ರಿ ಅಕ್ಕಾರ" ಎಂದು ಅವರ ಬಾಯಿಗೆ ಇಟ್ಟೆ. ಅವರು ನನ್ನನ್ನು ತಬ್ಬಿ, ಏಸುವಿನ ಪಟದ ಮುಂದೆ ಮೇಣದ ಬತ್ತಿ ಹಚ್ಚಿದರು. ಊರಿಗೆ ಫೋನು ಮಾಡಿ ಅವ್ವನಿಗೂ ಹೇಳಿದೆ. ಅವ್ವ ಕೂಡಲೇ ಫೋನು ಕೆಳಗಿಟ್ಟಳು. ಯಾಕೆಂದು ನನಗೆ ಗೊತ್ತಿತ್ತು. ಇಡೀ ಓಣಿಗೆ ಸುದ್ದಿ ಮುಟ್ಟಿಸಲು ಅವಳಿಗೆ ಎರಡು ಕಾಲೂ ಬೇಕಾಗಿದ್ದವು.

ಮರುದಿನ ನಾನು ಚೊಕ್ಕಟವಾದ ಅಂಗಿ ಹಾಕಿಕೊಂಡು ಹೋದೆ. ಬೆರ್ಗ್ ಆ ಕಡೆಯಿಂದ ಈ ಕಡೆ ಹೋದರು, ನಕ್ಕರು, ಏನೂ ಹೇಳಲಿಲ್ಲ. ಅದರ ಮರುದಿನವೂ ಹೇಳಲಿಲ್ಲ. ಹಿರಿಯ ಮನುಷ್ಯರು, ಪುರುಸೊತ್ತಾಗಬೇಕಲ್ಲ ಎಂದುಕೊಂಡೆ. ಅವರು ಕಾಫಿ ಯಂತ್ರದ ಹತ್ತಿರ ನಿಂತಾಗ ನನಗೂ ಬಾಯಾರಿಕೆ ಆಗುತ್ತಿತ್ತು. ಕೇಳುವವರಿಗೆ ಅನುಕೂಲವಾಗಲೆಂದು ಎಷ್ಟು ಸಲ ಅವರೆದುರು ಸುಮ್ಮನೆ ನಿಂತೆನೋ! ಅವರು ಕಡಲಿನ ಬಗ್ಗೆ, ಗಾಳಿಯ ಬಗ್ಗೆ ಮಾತಾಡಿ ಹೋಗಿಬಿಡುತ್ತಿದ್ದರು. ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದುಕೊಂಡು ಕೂತಿದ್ದೇನೆ, ಬಡಿಸುವವರು ಪಂಕ್ತಿ ದಾಟಿ ಹೋಗಿಬಿಟ್ಟಿದ್ದಾರೆ ಎಂಬಂತೆ ಇತ್ತು ನನ್ನ ಸ್ಥಿತಿ.

ವಾರ ಕಳೆದ ಮೇಲೆ, ಪತ್ರಿಕೆಯಲ್ಲಿ ಬಂದಿದ್ದ ಒಂದು ಜಾಹೀರಾತನ್ನು ಊಟದ ಕೋಣೆಯ ಗೋಡೆಗೆ ಅಂಟಿಸಿದರು. ಪಾಳಿಯ ಇಂಜಿನಿಯರ್ ಬೇಕಾಗಿದ್ದಾರೆ ಎಂದಿತ್ತು. ಅದನ್ನು ಓದಿ ಮನೆಗೆ ಬಂದವಳು ಕೋಟು ಕೂಡ ಬಿಚ್ಚದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತೆ.

"ಎಂತಾಯ್ತು?" ಸೆವ್ರಿನಕ್ಕ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದರು.

"ಆ ಕೆಲಸಕ್ಕ ಹೊರಗಿನವರನ್ನ ಕರ್ಯಾಕತ್ತಾರ್ರಿ."

"ನಿನಗೆ ಕೊಟ್ಟದ್ದಲ್ವಾ ಅದು? ಆರ್ಡರ್ ಎಲ್ಲಿ?"

"ಆರ್ಡರ್ ಎಲ್ಲೀದ್ರಿ. ಅವರು ಇನ್ನೊಮ್ಮೆ ಕೇಳಬೇಕಿತ್ತು. ಕೇಳಲೇ ಇಲ್ಲ."

"ಇನ್ನೊಮ್ಮೆ ಎಂತಕ್ಕೆ ಕೇಳುದು?" ಅಕ್ಕ ಚಾಕು ಕೆಳಗಿಟ್ಟರು. "ತಡಿ. ಮೊದಲು ಕೇಳಿದಾಗ ನೀನು ಎಂತ ಹೇಳಿದ್ದು? ಸರಿಯಾಗಿ ಹೇಳು."

"ಏನ್ ಹೇಳ್ತಾರ್ರಿ? 'ಅಯ್ಯ, ನನಗ್ಯಾಕ್ರಿ ಅಷ್ಟು ದೊಡ್ಡ ಕೆಲಸ, ನಾ ಇನ್ನೂ ಕಲಿಯಾಕಿ, ನನಗಿಂತ ಶಾಣ್ಯಾರು ಭಾಳ ಮಂದಿ ಅದಾರ, ನನಗ ಬ್ಯಾಡ' ಅಂದೆ."

"ಬೇಡ ಅಂದ್ಯಾ?"

"ಕೇಳಿದ ಕೂಡ್ಲೆ ಹ್ಞೂಂ ಅನ್ನಾಕ ಆಗ್ತೈತೇನ್ರಿ?"

ಸೆವ್ರಿನಕ್ಕನ ಮುಖದಲ್ಲಿ ನಗು ಮೊದಲು ಕಣ್ಣಿಗೆ ಬಂತು, ಆಮೇಲೆ ಹೊಟ್ಟೆಗೆ. ಮೇಜು ಹಿಡಿದುಕೊಂಡು ನಕ್ಕರು. ಈರುಳ್ಳಿಯ ಕಣ್ಣೀರೋ ನಗುವಿನ ಕಣ್ಣೀರೋ, ಸೆರಗಿಲ್ಲದ ಆ ಗೌನಿನ ತೋಳಿನಲ್ಲಿ ಒರೆಸಿಕೊಂಡರು. ನಾನು ನಗದೆ ಕೂತದ್ದು ಕಂಡು ತಟ್ಟನೆ ನಗು ನಿಲ್ಲಿಸಿದರು.

"ಎಂತ ಸಾವು ಮಾರಾಯ್ತಿ! ಇಲ್ಲಿಯವರು ಒಂದೇ ಸಲ ಕೇಳುದು. ಬೇಡ ಅಂದ್ರೆ ಬೇಡ, ಮುಗೀತು. ಮತ್ತೆ ಕೇಳಿದ್ರೆ ಪಿರಿಪಿರಿ ಮಾಡಿದ ಹಾಗೆ ಆಗ್ತದೆ ಅಂತ ಅವರ ಲೆಕ್ಕ. ಅವರು ಸುಮ್ಮನಾದದ್ದು ನಿನ್ನ ಮಾತಿಗೆ ಮರ್ಯಾದೆ ಕೊಟ್ಟು. ನಾನು ಬಂದ ಹೊಸತಿಗೆ ಎಂತಾಯ್ತು ಗೊತ್ತುಂಟಾ? ಆಸ್ಪತ್ರೆಯಲ್ಲಿ ಒಬ್ಬಳದ್ದು ಬರ್ತ್‌ಡೇ. ಕೇಕ್ ಬೇಕಾ ಅಂದಳು, ಬೇಡ ಅಂದೆ. ಆ ಜನ ನನ್ನ ಕಣ್ಣೆದುರೇ ಇಡೀ ಕೇಕ್ ತಿಂದು ತಟ್ಟೆ ತೊಳೆದಿಟ್ಟರು. ನಾನು ಬಾತ್‌ರೂಮಿಗೆ ಹೋಗಿ ಕಣ್ಣೀರು ಹಾಕಿ ಕೂಗಿದೆ, ಒಂದು ತುಂಡು ಕೇಕಿಗಾಗಿ!"

"ಮತ್ತ ನೀವು ನನಗ ಮೂರ್ ಮೂರ್ ಸಲ ಯಾಕ ಕೇಳ್ತೀರಿ?"

"ನಾನು ಇಲ್ಲಿಯವಳಾ?" ಎಂದರು ಅಕ್ಕ, ಅಷ್ಟು ವರ್ಷ ಅಲ್ಲಿದ್ದವರು. "ನಾಳೆ ಬೆಳಿಗ್ಗೆ ಎದ್ದವಳೇ ಹೋಗಿ ಕೇಳು. ಕೆಲಸ ಬೇಕು ಅಂತ ಹೇಳು. ಅಷ್ಟೇ."

ಅಷ್ಟೇ ಎಂದುಬಿಟ್ಟರು. ಉಂಡು ಕೈತೊಳೆದು ಬಂದ ಮೇಲೆ ತಿರುಗಿ ಹೋಗಿ 'ಇನ್ನೊಂದು ಹೋಳಿಗಿ ಕೊಡ್ರಿ' ಎಂದು ಕೇಳುವುದಕ್ಕಿಂತ ಅದು ನನಗೆ ಕಷ್ಟವಾಗಿತ್ತು. ಆದರೂ ಹೋದೆ. ಬೆರ್ಗ್ ತಮ್ಮ ಮೇಜಿನ ಮುಂದೆ ಯಾವುದೋ ಪಂಪಿನ ಬಿಡಿಭಾಗ ಒರೆಸುತ್ತ ಕೂತಿದ್ದರು. ನಾನು ಬಾಗಿಲಲ್ಲೇ ನಿಂತು, ಆ ಕೆಲಸದ ವಿಷಯ ಎಂದೆ.

"ನೀವು ಬೇಡವೆಂದಿರಿ," ಎಂದರು ಅವರು. ಆಕ್ಷೇಪಣೆ ಇರಲಿಲ್ಲ, ನೆನಪು ಮಾಡಿಕೊಟ್ಟರು ಅಷ್ಟೇ. "ಮನಸ್ಸು ಬದಲಾಯಿತೆ?"

"ಇಲ್ಲ ಸರ್. ಅವತ್ತೂ ಬೇಕಾಗಿತ್ತು. ನಮ್ಮಲ್ಲಿ ಮೊದಲ ಸಲ ಕೇಳಿದಾಗ ಬೇಡವೆನ್ನುವುದು ಮರ್ಯಾದೆ."

ಅವರು ಒರೆಸುವ ಬಟ್ಟೆಯನ್ನು ಕೆಳಗಿಟ್ಟರು. ಇದು ಅವರಿಗೆ ನಿಜವಾಗಿ ಕುತೂಹಲದ ವಿಷಯವಾಗಿತ್ತು. "ಹಾಗಾದರೆ ಬೇಕೋ ಬೇಡವೋ ಎಂದು ಕೇಳುವವರಿಗೆ ತಿಳಿಯುವುದು ಹೇಗೆ?"

"ಮುಖ ನೋಡಿದರೆ ತಿಳಿಯುತ್ತದೆ."

"ಆದರೆ ನೀವು ನೆಲ ನೋಡುತ್ತಿದ್ದಿರಿ. ಈಗಲೂ ಅದನ್ನೇ ನೋಡುತ್ತಿದ್ದೀರಿ."

ನಾನು ತಲೆ ಎತ್ತಿದೆ. ಅವರು ನಗುತ್ತಿರಲಿಲ್ಲ, ಆದರೆ ಕಣ್ಣು ಮೃದುವಾಗಿತ್ತು. ಹೊರಗಿನ ಇಬ್ಬರನ್ನು ಆಗಲೇ ಗುರುವಾರಕ್ಕೆ ಕರೆದಾಗಿದೆ, ಅವರನ್ನು ಬರಬೇಡಿ ಎನ್ನುವುದು ನ್ಯಾಯವಲ್ಲ ಎಂದರು. "ನೀವೂ ಬನ್ನಿ. ಅವರಿಬ್ಬರ ಜೊತೆ ಮೂರನೆಯವರಾಗಿ ಕೂತುಕೊಳ್ಳಿ. ನನ್ನ ಜೊತೆ ಇನ್ನಿಬ್ಬರು ಇರುತ್ತಾರೆ. ನಿಮ್ಮ ಪರವಾಗಿ ನಾನು ಮಾತಾಡುವುದಿಲ್ಲ. ನೀವೇ ಮಾತಾಡಬೇಕು."

ಬುಧವಾರ ಸಂಜೆ ಊರಿಗೆ ಫೋನು ಮಾಡಿದೆ. ಓಣಿಗೆಲ್ಲ ಸಿಹಿ ಹಂಚಿದ ಅವ್ವನಿಗೆ ಏನೆಂದು ಹೇಳುವುದೆಂದು ಮಹಡಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದೆ. ಅವ್ವನ ದನಿ ಕೇಳಿದ ಕೂಡಲೇ ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವಳು ಬೈಯುತ್ತಾಳೆ ಅಥವಾ ನಗುತ್ತಾಳೆ ಎಂದುಕೊಂಡಿದ್ದೆ. ಅತ್ತಲಿಂದ ಮೊರದಲ್ಲಿ ಜೋಳ ಕೇರುವ ಸಪ್ಪಳ ಬರುತ್ತಿತ್ತು. ಅದು ನಿಂತಿತು.

"ನಾಳೆ ಹೋಗಿ ಕೇಳ್ತಿಯಿಲ್ಲೋ?"

"ಹೆಂಗ ಕೇಳೂದವ್ವಾ? ನಾ ಚಲೋ ಕೆಲಸ ಮಾಡ್ತೀನಿ, ನನಗ ಕೊಡ್ರಿ ಅಂತ ಬಾಯಿ ಬಿಟ್ಟು ಹೆಂಗ ಹೇಳೂದು? ನಾಚಿಕಿ ಬರ್ತೈತಿ."

ಅವ್ವ, "ನಾ ಮೆಟ್ರಿಕ್ ಪಾಸಾದಾಗ ನಮ್ಮ ಸೋದರಮಾವ ಬಂದಿದ್ದ," ಎಂದಳು. ಬೇರೆ ಯಾರದೋ ಮನೆಯ ಸುದ್ದಿ ಹೇಳುವಂತಿತ್ತು ದನಿ. "ಎಲ್ಲಾರ ಮುಂದ ಕೇಳಿದ. 'ಕಾಲೇಜಿಗೆ ಹೋಗ್ತಿಯೇನವ್ವಾ? ನಮ್ಮ ಮನ್ಯಾಗ ಇಟಗೊಂಡು ಓದಸ್ತೀನಿ' ಅಂದ. ನಾ ಬ್ಯಾಡ ಅಂದೆ."

ಅವ್ವ ಮೆಟ್ರಿಕ್ ಪಾಸಾದದ್ದು ನನಗೆ ಗೊತ್ತಿತ್ತು. ಉಳಿದದ್ದು ಗೊತ್ತಿರಲಿಲ್ಲ.

"ಯಾಕವ್ವಾ?"

"ಯಾಕಂದ್ರ? ಕೇಳಿದ ಕೂಡ್ಲೆ ಹ್ಞೂಂ ಅಂದ್ರ ಹುಡುಗಿಗೆ ಬಾಯಿ ಬಂದೈತಿ ಅನ್ನೂದಿಲ್ಲೇನು? ಇನ್ನೊಮ್ಮೆ ಕೇಳ್ತಾನ ಅಂತ ಬಾಗಲ ಹಿಂದ ನಿಂತೆ. ಅವ ಚಾ ಕುಡದ. ನಮ್ಮ ಅಪ್ಪಗ, 'ಶಾಣ್ಯಾ ಹುಡುಗಿ ನೋಡ, ಹಟ ಅನ್ನೂದ ಇಲ್ಲ' ಅಂದ. ಚಪ್ಪಲಿ ಮೆಟ್ಟಿಕೊಂಡು ಹ್ವಾದ." ಅವ್ವ ನಕ್ಕಳು. "ಅವ ಓಣಿ ದಾಟೂತನಕಾ ನಿಂತಿದ್ದೆ ನೋಡು, ಹುಚ್ಚಿ ನಾನು."

ಫೋನು ಹಿಡಿದುಕೊಂಡು ನಾನು ನಮ್ಮ ಮನೆಯ ಊಟದ ಪಡಸಾಲೆಯನ್ನು ಕಣ್ಣಮುಂದೆ ತಂದುಕೊಂಡೆ. ನಮ್ಮಲ್ಲಿ ಬಂದವರಿಗೆ ಒತ್ತಾಯ ಮಾಡುವುದರಲ್ಲಿ ಅವ್ವನನ್ನು ಮೀರಿಸುವವರೇ ಇರಲಿಲ್ಲ. ಕಾಕಾನ ತಟ್ಟೆಗೆ, ಬೀಗರ ತಟ್ಟೆಗೆ, ಮೀಟರ್ ನೋಡಲು ಬಂದವನ ತಟ್ಟೆಗೂ ಆಣೆ ಹಾಕಿ ಹೋಳಿಗೆ ಬಡಿಸುತ್ತಿದ್ದಳು. ಎಲ್ಲರದೂ ಆದ ಮೇಲೆ 'ನನಗ ಹಸಿವಿಲ್ಲ' ಎನ್ನುತ್ತಿದ್ದಳು. ಆ ಮಾತನ್ನು ಮಾತ್ರ ಇಡೀ ಮನೆ ಮೊದಲ ಸಲಕ್ಕೇ ನಂಬುತ್ತಿತ್ತು. ಅವ್ವ ತನ್ನ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದದ್ದನ್ನು ನಾನು ಕಂಡೇ ಇರಲಿಲ್ಲ. ಅವಳ ತಟ್ಟೆಯವರೆಗೆ ಯಾರ ಸೌಟೂ ಬಂದಿರಲಿಲ್ಲ.

"ಕೇಳಾಕತ್ತಿಯೇನ?" ಎಂದಳು ಅವ್ವ.

"ಹ್ಞೂಂ."

"ನಾಳೆ ಹೋಗು. ನಿನಗ ನಾಚಿಕಿ ಬಂದ್ರ, ಇದು ನಂದಲ್ಲ, ನಮ್ಮವ್ವಂದು, ಅಕಿ ಬದಲಿ ಕೇಳಾಕ ಬಂದೀನಿ ಅಂತ ಮನಸಿನ್ಯಾಗ ಅನ್ಕೋ. ಮಂದಿ ಸಲುವಾಗಿ ಕೇಳಾಕ ನಾಚಿಕಿ ಎಲ್ಲೀದು?" ಮತ್ತೆ ಮೊರದ ಸಪ್ಪಳ ಶುರುವಾಯಿತು. "ಮತ್ತ ಓಣಿ ಮಂದಿಗೆ ನಾ ಏನೂ ಹೇಳೂದಿಲ್ಲ ತಗಿ. ಹಂಚಿದ ಪೇಢೆ ಹೊಳ್ಳಿ ಇಸಗೊಳ್ಳಾಕ ಬರ್ತೈತೇನು?"

ಗುರುವಾರ ನಾನು ಮೂರನೆಯವಳಾಗಿ ಒಳಗೆ ಹೋದೆ. ಮೊದಲಿನ ಇಬ್ಬರೂ ಎತ್ತರದ ಗಂಡಸರು. ಹೊರಗೆ ಕೂತಿದ್ದಾಗ ತಾವು ಮಾಡಿದ ಕೆಲಸಗಳನ್ನು ಒಬ್ಬರಿಗೊಬ್ಬರು ಎಷ್ಟು ಸರಾಗವಾಗಿ ಹೇಳಿಕೊಳ್ಳುತ್ತಿದ್ದರೆಂದರೆ ಕೇಳುತ್ತ ನನಗೇ ಅವರಲ್ಲೊಬ್ಬರಿಗೆ ಕೆಲಸ ಕೊಟ್ಟುಬಿಡೋಣ ಅನ್ನಿಸಿತ್ತು. ಒಳಗೆ ಬೆರ್ಗ್ ಇದ್ದರು, ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆ ಇದ್ದರು, ಯಂತ್ರಗಳ ಮೇಸ್ತ್ರಿ ಇದ್ದರು. ಬೆರ್ಗ್ ಹೇಳಿದ ಹಾಗೆಯೇ ನನ್ನ ಪರವಾಗಿ ಒಂದು ಮಾತನ್ನೂ ಆಡಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಕೂತರು.

ಯಂತ್ರದ ಪ್ರಶ್ನೆಗಳು ಕಷ್ಟವಾಗಲಿಲ್ಲ. ಕೊನೆಗೆ ಲೆಕ್ಕಪತ್ರದ ಆ ಹೆಂಗಸು ಕನ್ನಡಕ ತೆಗೆದು ಕೇಳಿದರು: "ಹೋದ ತಿಂಗಳು ಎರಡನೆಯ ಸಾಲಿನ ಯಂತ್ರಗಳಲ್ಲಿ ಐಸ್ ಕಟ್ಟುವುದು ಕಡಿಮೆಯಾಗಿತ್ತು. ಕೊಳವೆಯ ಒಂದೇ ಮಗ್ಗುಲಿಗೆ ಹಿಮ ಕೂರುತ್ತಿದೆ, ವಾಲ್ವ್ ಅಂಟಿಕೊಂಡಿದೆ ಎಂದು ಪತ್ತೆ ಮಾಡಿದ್ದು ಯಾರು?"

"ಎಲ್ಲರೂ ಸೇರಿ..." ಎಂದು ಶುರು ಮಾಡಿದೆ. ಮೇಸ್ತ್ರಿ ನನ್ನತ್ತ ನೋಡಿದ. ಅವನ ಹುಬ್ಬು ಸ್ವಲ್ಪ ಮೇಲೇರಿತು. ಬಾಗಿಲ ಹಿಂದೆ ನಿಂತ ಒಬ್ಬ ಹುಡುಗಿ ನನ್ನ ಕಣ್ಣಿಗೆ ಕಟ್ಟಿದಳು. ಅವಳ ಮುಖ ಹೇಗಿತ್ತೆಂದು ನನಗೆ ಗೊತ್ತಿರಲಿಲ್ಲ, ಆ ವಯಸ್ಸಿನ ಅವ್ವನ ಫೋಟೋ ನಮ್ಮ ಮನೆಯಲ್ಲಿ ಇರಲಿಲ್ಲ.

"ನಾನು," ಎಂದೆ. "ನಾನೇ ಪತ್ತೆ ಮಾಡಿದೆ. ಉಳಿದವರು ಬಿಚ್ಚಲು ನೆರವಾದರು."

"ಪಾಳಿಯನ್ನು ಒಬ್ಬರೇ ನಡೆಸಬಲ್ಲಿರಾ?"

"ನಡೆಸಬಲ್ಲೆ." ಈ ಸಲ ನೆಲ ನೋಡಲಿಲ್ಲ. "ನನಗೆ ಈ ಕೆಲಸ ಬೇಕು. ಅವತ್ತು ಕೇಳಿದಾಗಲೂ ಬೇಕಾಗಿತ್ತು. ನನಗೆ ಇದು ಬಹಳ ಬೇಕು."

ಹೇಳಿ ಮುಗಿಸುವ ಹೊತ್ತಿಗೆ ಕಿವಿ ಬಿಸಿಯಾಗಿತ್ತು. ಛಾವಣಿ ಬೀಳಲಿಲ್ಲ. ಯಾರೂ ಮುಖ ಸಿಂಡರಿಸಲಿಲ್ಲ. ಆ ಹೆಂಗಸು ಕನ್ನಡಕ ಹಾಕಿಕೊಂಡು ಏನೋ ಬರೆದುಕೊಂಡರು, ಅಷ್ಟೇ.

ಮರುದಿನ ಬೆರ್ಗ್ ಕಂಪ್ರೆಸರ್ ಕೋಣೆಗೆ ಬಂದರು. ಅದೇ ಗದ್ದಲ, ಅದೇ ಜಾಗ. "ಕೆಲಸ ನಿಮ್ಮದು. ಬೇಕೆ?" ಎಂದರು.

"ಬೇಕು," ಎಂದೆ.

"ನಿಜವಾಗಿ ಬೇಕೆ?"

"ಬೇಕು ಸರ್."

"ನಿಮ್ಮಲ್ಲಿ ಎಷ್ಟು ಸಲ ಕೇಳಬೇಕು?"

"ಮೂರು."

"ಬೇಕೆ?" ಎಂದು ಮೂರನೆಯ ಸಲ ಕೇಳಿ, ನನ್ನ ಉತ್ತರಕ್ಕೂ ಕಾಯದೆ ನಗುತ್ತ ಹೊರಟುಹೋದರು. ಮುಂದೆ ನಾನು ಅವರ ಕೈಕೆಳಗೆ ಇದ್ದಷ್ಟು ವರ್ಷವೂ ಕಾಫಿ ಬೇಕೆ ಎಂದು ನನ್ನೊಬ್ಬಳನ್ನು ಮಾತ್ರ ಅವರು ಮೂರು ಸಲ ಕೇಳುತ್ತಿದ್ದರು. ಹೊಸಬರು ಇದೇನೆಂದು ನೋಡುತ್ತಿದ್ದರು. ಅವರಿಗೆ ನಾವಿಬ್ಬರೂ ಏನನ್ನೂ ವಿವರಿಸಲು ಹೋಗುತ್ತಿರಲಿಲ್ಲ. ಬದುಕಿನಲ್ಲಿ ನನಗೆ ಸಿಕ್ಕ ದೊಡ್ಡ ಮರ್ಯಾದೆಗಳಲ್ಲಿ ಅದೂ ಒಂದು ಎಂದು ಇವತ್ತಿಗೂ ನೆನೆಯುತ್ತೇನೆ. ಸೆವ್ರಿನಕ್ಕ ಸುದ್ದಿ ಕೇಳಿ, "ಮತ್ತೆ ಶಿರಾ ಮಾಡ್ತಿಯಾ? ಮೊದಲಿನ ಶಿರಾದ ತುಪ್ಪವೇ ಇನ್ನೂ ಸೊಂಟದಿಂದ ಇಳೀಲಿಲ್ಲ" ಎಂದು, ತಾವೇ ರವೆ ಡಬ್ಬಿ ಕೆಳಗಿಳಿಸಿದರು.

ಸುದ್ದಿಯನ್ನು ಅವತ್ತೇ ಊರಿಗೆ ಮುಟ್ಟಿಸಿದ್ದೆ. ಆ ಭಾನುವಾರ ಬೆಳಿಗ್ಗೆ ಮತ್ತೆ ಫೋನು ಮಾಡಿದೆ. ಅವ್ವ ಅತ್ತಳು, ನಕ್ಕಳು, ಕಾಕಾನ ಮುಖ ಹೇಗಾಯಿತೆಂದು ಪಿಸುದನಿಯಲ್ಲಿ ವರ್ಣಿಸಿದಳು. "ಅವರಿಗೆ ನಾನ ಹೇಳಿದೆ, ನೀವ ಕೊಟ್ಟ ಮಾತು ನೀವ ಹೊಳ್ಳಿ ತಗೋರಿ ಅಂತ," ಎಂದಳು. ಅವ್ವ ಕಾಕಾನಿಗೆ ಹಾಗೆ ಎದುರಾಡಿದ್ದು ನನಗೆ ತಿಳಿದಂತೆ ಅದೇ ಮೊದಲು.

ಮಾತು ಮುಗಿಯುತ್ತ ಬಂದಾಗ ಕೇಳಿದೆ. "ಅವ್ವಾ, ಅವತ್ತು ಕಾಲೇಜಿಗೆ ಹೋಗಿದ್ರ ಏನ್ ಓದಬೇಕಂತ ಇತ್ತು ನಿನಗ?"

ಫೋನು ಕಟ್ಟಾಗಿರಲಿಲ್ಲ. ನಮ್ಮ ಓಣಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದದ್ದು ಕೇಳಿಸಿತು. ಅವ್ವ ಉಸಿರೆಳೆದುಕೊಂಡದ್ದೂ ಕೇಳಿಸಿತು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಅಯ್ಯ, ಈಗ್ಯಾಕವ್ವಾ ಅದು," ಎಂದಳು. "ಏನಿಲ್ಲ ಬಿಡು. ಚಳಿ ಭಾಳ ಐತಂತಲ್ಲಾ, ಕಿವಿಗೆ ಕಟಗೊಂಡು ಹೋಗು ಕೆಲಸಕ್ಕ." ಫೋನು ಇಟ್ಟುಬಿಟ್ಟಳು.

"ಎಂತ ಹೇಳಿದ್ರು ಅಮ್ಮ?" ಸೆವ್ರಿನಕ್ಕ ಒಳಗಿನಿಂದ ಕೂಗಿ ಕೇಳಿದರು.

"ಏನಿಲ್ರಿ, ಎಲ್ಲಾ ಆರಾಮ ಅದಾರ," ಎಂದೆ.

ಬರುವ ಭಾನುವಾರ ಇದೇ ಪ್ರಶ್ನೆಯನ್ನು ಮತ್ತೆ ಕೇಳಬೇಕು, ಅದರ ಮುಂದಿನ ಭಾನುವಾರವೂ ಕೇಳಬೇಕು, ಎಷ್ಟು ಸಲವಾಯಿತೆಂದು ಎಣಿಸಲು ಹೋಗಬಾರದು ಎಂದು ಆಗಲೇ ನಿರ್ಧಾರ ಮಾಡಿಕೊಂಡಿದ್ದೆ. ಅದನ್ನು ಅಕ್ಕನಿಗೆ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ. ಕಿಟಕಿಯ ಪರದೆ ಸರಿಸಿ ನಿಂತೆ. ಕೆಳಗೆ ಬಂದರಿನಲ್ಲಿ ಕಡಲಿಗೆ ಹೊರಡಲಿದ್ದ ಒಂದು ನೀಲಿ ದೋಣಿ ತನ್ನ ಒಡಲು ತೆರೆದುಕೊಂಡು ನಿಂತಿತ್ತು. ಪುಡಿ ಮಾಡಿದ ಐಸು ಎಳೆ ಬಿಸಿಲಿನಲ್ಲಿ ಹೊಳೆಯುತ್ತ ಅದರೊಳಕ್ಕೆ ಸುರಿಯುತ್ತಿತ್ತು. ಸುರಿದಷ್ಟೂ ದೋಣಿ ಕಂಡೂ ಕಾಣದ ಹಾಗೆ ನೀರಿನಲ್ಲಿ ತಗ್ಗುತ್ತಿತ್ತು.